ಜೈಪುರ ಕಾಲು: ಗದ್ದೆಗೆ ಸೈ, ಟ್ರ್ಯಾಕಿಗೆ ಸಾಲದು

ಮಂಡಿಯ ಕೆಳಗೆ ಕಾಲು ಕಳೆದುಕೊಂಡವರ ಮನೆಗೆ ಕೃತಕ ಕಾಲಿನ ಎರಡು ಹೆಸರು ಬೇಗ ಬಂದು ಸೇರುತ್ತವೆ. ಉಚಿತ ಶಿಬಿರದ ಬ್ಯಾನರಿನಿಂದ ಬರುವುದು ಜೈಪುರ ಕಾಲು. ಪ್ಯಾರಾಲಿಂಪಿಕ್ಸ್ ನಡೆಯುವಾಗ ಟೀವಿಯಿಂದ ಬರುವುದು ಬ್ಲೇಡು, ಅಂದರೆ ಓಟಗಾರರು ತೊಡುವ ಬಾಗಿದ ಪಟ್ಟಿಯ ಕಾಲು. ಮೊದಲನೆಯದು ಬಡವರದ್ದು, ಎರಡನೆಯದು ಗೆಲ್ಲುವವರದ್ದು ಎಂದು ನೆಂಟರಿಷ್ಟರು ತೀರ್ಮಾನ ಕೊಟ್ಟೂ ಆಗಿರುತ್ತದೆ. ಆ ತೀರ್ಮಾನ ತಪ್ಪು. ದಿನದ ಬದುಕಿಗೆ, ಅದರಲ್ಲೂ ನೆಲದ ಮೇಲೆ ಕೂತು ಉಂಡು, ಬರಿಗಾಲಲ್ಲಿ ಒಳಗೆ ಹೊರಗೆ ಓಡಾಡುವ ನಮ್ಮ ಬದುಕಿಗೆ, ಜೈಪುರ ಕಾಲಿನಷ್ಟು ಹೊಂದುವ ಪಾದ ಈ ಬೆಲೆಗೆ ಇನ್ನೊಂದಿಲ್ಲ. ಓಟಕ್ಕೆ ಮಾತ್ರ ಅದು ಆಗುವುದಿಲ್ಲ. ಇವೆರಡಕ್ಕಿಂತ ದೊಡ್ಡ ವಿಷಯ ಪಾದದ ಮೇಲಿರುವ ಸಾಕೆಟ್, ಅಂದರೆ ಕತ್ತರಿಸಿ ಉಳಿದ ಕಾಲು ಒಳಗೆ ಕೂರುವ ಕೊಳವೆ. ಅದು ಕೆಟ್ಟರೆ ಎಂಥ ಪಾದವೂ ಮೂಲೆ ಸೇರುತ್ತದೆ.

ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಮೂಳೆ ತಜ್ಞ ಡಾ. ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ 1968ರ ಹೊತ್ತಿಗೆ ಈ ಪಾದವನ್ನು ರೂಪಿಸಿದರು. ಆಗ ಚಾಲ್ತಿಯಲ್ಲಿದ್ದದ್ದು ಸ್ಯಾಚ್ ಪಾದ. ಅದರೊಳಗೆ ಬಾಗದ ಮರದ ತುಂಡು, ಹಿಮ್ಮಡಿಯಲ್ಲಿ ಮೆತ್ತನೆಯ ರಬ್ಬರು, ಮೇಲೊಂದು ಬೂಟು ಕಡ್ಡಾಯ. ಬೂಟು ಹಾಕಿಕೊಂಡು ಕುರ್ಚಿಯ ಮೇಲೆ ಕೂರುವವರಿಗೆ ಅದು ಚೆನ್ನಾಗಿಯೇ ಇತ್ತು. ಹೊಲಕ್ಕೆ ಇಳಿಯುವವರು, ದೇವಸ್ಥಾನದ ಹೊರಗೆ ಪಾದರಕ್ಷೆ ಬಿಡುವವರು, ಕುಕ್ಕರಗಾಲಲ್ಲಿ ಕೂರುವವರು ಅದನ್ನು ಬಿಚ್ಚಿಟ್ಟು ಮತ್ತೆ ಊರುಗೋಲು ಹಿಡಿಯುತ್ತಿದ್ದರು. ಸೇಠಿ ಅವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಶರ್ಮ ಅವರ ಕೈಕೆಲಸಕ್ಕೆ ಸಿಗಬೇಕಾದಷ್ಟು ಹೆಸರು ಸಿಗಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ಪಾದದ ಒಳಗನ್ನು ಕಂಡರೆ ಅದು ಯಾರ ಕೈಚಳಕ ಎಂದು ತಿಳಿಯುತ್ತದೆ.

ಒಳಗಿರುವುದು ಮೂರು ಭಾಗ. ಹಿಮ್ಮಡಿಗೆ ಒಂದು ಸ್ಪಂಜಿನಂಥ ರಬ್ಬರು, ಅಂದರೆ ಹವಾಯಿ ಚಪ್ಪಲಿ ಮಾಡುವ ಜಾತಿಯ ಮೈಕ್ರೋಸೆಲ್ಯುಲರ್ ರಬ್ಬರು. ಮುಂಪಾದ ಮತ್ತು ಬೆರಳಿಗೆ ಅದೇ ರಬ್ಬರಿನ ಇನ್ನೊಂದು ತುಂಡು. ಪಾದ ಕಾಲಿಗೆ ಸೇರುವ ಗಿಣ್ಣಿನ ಜಾಗದಲ್ಲಿ ಮಾತ್ರ ಗಿಡ್ಡ ಮರದ ತುಂಡು, ಅದರಲ್ಲೊಂದು ಬೋಲ್ಟು. ಇಷ್ಟನ್ನೂ ಟೈರಿನಲ್ಲಿ ಬಳಸುವ ನೈಲಾನ್ ಹುರಿಯ ಪಟ್ಟಿಯಿಂದ ಬಿಗಿದು, ಹೊರಗೆ ಚರ್ಮದ ಬಣ್ಣದ ರಬ್ಬರು ಸುತ್ತಿ, ಪಾದದಾಕಾರದ ಲೋಹದ ಅಚ್ಚಿನಲ್ಲಿಟ್ಟು ಬೇಯಿಸುತ್ತಾರೆ. ಮರ ಬೆರಳಿನವರೆಗೆ ಚಾಚಿಲ್ಲ. ಗುಟ್ಟು ಅಲ್ಲೇ ಇದೆ. ಗಿಣ್ಣಿನಿಂದ ಮುಂದಕ್ಕೆ ಪೂರ್ತಿ ರಬ್ಬರಾದ್ದರಿಂದ ಪಾದ ಮೇಲಕ್ಕೆ ಬಾಗುತ್ತದೆ, ಒಳಕ್ಕೆ ಹೊರಕ್ಕೆ ವಾಲುತ್ತದೆ, ತುಸು ತಿರುಗಲೂ ತಿರುಗುತ್ತದೆ. ಬದುವಿನ ಮೇಲೆ ಓರೆಯಾಗಿ ಕಾಲಿಟ್ಟರೆ ನೆಲಕ್ಕೆ ಹೊಂದಿಕೊಳ್ಳುವುದು ಇದೇ ಕಾರಣಕ್ಕೆ. ಗಟ್ಟಿ ಪಾದವಾಗಿದ್ದರೆ ಆ ಓರೆಯೆಲ್ಲ ನೇರ ಮಂಡಿಗೆ ಹೋಗಿ ಬಡಿಯುತ್ತಿತ್ತು.

ಕುಕ್ಕರಗಾಲು, ಚಕ್ಕಳಮಕ್ಕಳ, ಕೆಸರು ಗದ್ದೆ, ಮೆಟ್ಟಿಲು, ಸೈಕಲ್ಲು: ಮಂಡಿ ಉಳಿದವರಿಗೆ ಇವೆಲ್ಲ ಆಗುತ್ತವೆ. ಆದರೆ ಕುಕ್ಕರಗಾಲಿನ ಭಾಗ್ಯ ಪಾದ ಒಂದರ ಕೈಯಲ್ಲಿಲ್ಲ, ಸಾಕೆಟ್ಟಿನ ಹಿಂಬದಿಯ ಅಂಚಿನ ಮೇಲೂ ನಿಂತಿದೆ. ಅಂಚನ್ನು ಎತ್ತರವಾಗಿ ಬಿಟ್ಟಿದ್ದರೆ ಮಂಡಿ ಮಡಚಿದಾಗ ಹಿಂದಿನ ನರ, ಮಾಂಸ ಅದಕ್ಕೆ ಸಿಕ್ಕಿ ಹಿಂಡುತ್ತದೆ. ತೀರಾ ಕೆಳಗೆ ಕತ್ತರಿಸಿದ್ದರೆ ಮಾಂಸ ಹೊರಗುಬ್ಬಿ, ನಡೆಯುವಾಗ ಉಜ್ಜುತ್ತದೆ. ಕಾಲು ಪಡೆದ ಜಾಗದಲ್ಲೇ ಕೂತು ಎದ್ದು ನೋಡಬೇಕು. ಅಂಚನ್ನು ಕಾಯಿಸಿ ಹೊರಕ್ಕೆ ಸ್ವಲ್ಪ ಮಗುಚುವುದು ಅಲ್ಲಿ ಐದು ನಿಮಿಷದ ಕೆಲಸ; ಮನೆಗೆ ತಂದ ಮೇಲೆ ಯಾರೂ ಮಾಡಿಕೊಡುವುದಿಲ್ಲ. ಮಂಡಿಯ ಮೇಲೆ ಕತ್ತರಿಸಿದವರ ಲೆಕ್ಕ ಬೇರೆ. ಅವರಿಗೆ ಕೃತಕ ಮಂಡಿಯೂ ಬೇಕು. ಜೈಪುರದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯ ಜೊತೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು ಸೇರಿ ಮಾಡಿದ ಕಡಿಮೆ ಬೆಲೆಯ ನಾಲ್ಕು ಕೊಂಡಿಯ ಮಂಡಿ ನಡಿಗೆಗೆ ಭದ್ರ. ಕುಕ್ಕರಗಾಲು ಮಾತ್ರ ಮಂಡಿ ಉಳಿದವರಿಗಿರುವಷ್ಟು ಸುಲಭವಲ್ಲ.

ಈಗ ದೋಷಗಳು. ತೂಕ ಜಾಸ್ತಿ: ಪಾದವೊಂದೇ ಮುಕ್ಕಾಲು ಕಿಲೋ ದಾಟುತ್ತದೆ, ಆ ಭಾರವೆಲ್ಲ ಕಾಲಿನ ತುದಿಯಲ್ಲಿ ನೇತಾಡುತ್ತದೆ. ಇಸ್ರೋ ತಂತ್ರಜ್ಞಾನದ ಪಾಲಿಯುರೆಥೇನ್ ಪಾದ ಇದಕ್ಕಿಂತ ಹಗುರ. ಸಿಗುವ ಕಡೆ ಕೇಳಿ ನೋಡಬಹುದು. ಕೈಯಿಂದ ಮಾಡುವುದರಿಂದ ಒಂದು ಪಾದದಂತೆ ಇನ್ನೊಂದಿರುವುದಿಲ್ಲ. ಒಂದು ಮೆತ್ತಗೆ, ಇನ್ನೊಂದು ಬಿಗಿ. ಕೊಡುವ ಮೊದಲು ಮುಂಪಾದವನ್ನು ಕೈಯಲ್ಲಿ ಒತ್ತಿ ಬಗ್ಗಿಸಿ ನೋಡಿ, ಎರಡು ಮೂರು ಪಾದ ಇದ್ದರೆ ಆರಿಸಿಕೊಳ್ಳಿ. ಹಗುರ ಮೈಯವರಿಗೆ ಬಿಗಿ ಪಾದ ಬಾಗುವುದೇ ಇಲ್ಲ. ಹೊರ ರಬ್ಬರು ಮೊದಲು ಬಿರಿಯುವುದು ಬೆರಳಿನ ಬುಡದ ಮಡಿಕೆಯಲ್ಲಿ, ಆಮೇಲೆ ಹಿಮ್ಮಡಿಯ ಅಂಚಿನಲ್ಲಿ. ಬಿರುಕು ಚಿಕ್ಕದಿದ್ದಾಗ ಸೈಕಲ್ ಅಂಗಡಿಯ ಪಂಕ್ಚರ್ ಸಲ್ಯೂಷನ್ ಹಚ್ಚಿ ಪ್ಯಾಚ್ ಹಾಕಿಸಿದರೆ ಕೆಲವು ತಿಂಗಳು ದೂಡಬಹುದು. ಹಾಗೇ ಬಿಟ್ಟರೆ ನೀರು ಒಳಗಿಳಿದು ಮರ ಉಬ್ಬುತ್ತದೆ, ಬೋಲ್ಟಿನ ಹಿಡಿತ ಸಡಿಲವಾಗುತ್ತದೆ, ಹೆಜ್ಜೆ ಹೆಜ್ಜೆಗೂ ಕಿರ್ರೆನ್ನುವ ಸದ್ದು ಶುರುವಾಗುತ್ತದೆ. ಆ ಸದ್ದು ಬಂದ ಮೇಲೆ ಪಾದ ಬದಲಿಸಬೇಕೇ ಹೊರತು ಬೋಲ್ಟು ಬಿಗಿಮಾಡಿ ಪ್ರಯೋಜನವಿಲ್ಲ. ಮಳೆಗಾಲದಲ್ಲಿ ಗದ್ದೆಯಿಂದ ಬಂದ ಮೇಲೆ ತೊಳೆದು ನೆರಳಲ್ಲಿ ಒಣಗಿಸಿ. ಒಲೆಯ ಹತ್ತಿರ, ಕಾದ ತಗಡಿನ ಮೇಲೆ ಇಡಬೇಡಿ.

ಪಾದರಕ್ಷೆಯ ಬಗ್ಗೆ ಒಂದು ಮಾತು. ಇದು ಬರಿಗಾಲಿಗೆಂದೇ ಮಾಡಿದ ಪಾದ. ಎತ್ತರದ ಹಿಮ್ಮಡಿಯ ಬೂಟು ಹಾಕಿದರೆ ಇಡೀ ಕಾಲು ಮುಂದಕ್ಕೆ ವಾಲಿ ಮಂಡಿ ತಾನಾಗಿ ಮಡಚಿಕೊಳ್ಳುತ್ತದೆ, ಇಳಿಜಾರಿನಲ್ಲಿ ಬೀಳುವುದು ಖಾತ್ರಿ. ಹವಾಯಿ ಚಪ್ಪಲಿ ನಿಲ್ಲುವುದಿಲ್ಲ, ಹಿಡಿದುಕೊಳ್ಳುವ ಬೆರಳು ಅಲ್ಲಿಲ್ಲ. ಹಿಂದೆ ಪಟ್ಟಿ ಇರುವ, ಸಪಾಟು ಅಟ್ಟೆಯ ಸ್ಯಾಂಡಲ್ ಸರಿ.

ಸಾಕೆಟ್ಟಿನ ವಿಚಾರಕ್ಕೆ ಬಂದರೆ ನಿಧಾನವಾಗಿ ಓದಬೇಕು. ಕತ್ತರಿಸಿ ಉಳಿದ ಕಾಲಿನ ಭಾಗಕ್ಕೆ, ಅಂದರೆ ಸ್ಟಂಪಿಗೆ, ಪ್ಲಾಸ್ಟರ್ ಆಫ್ ಪ್ಯಾರಿಸ್ ಪಟ್ಟಿ ಸುತ್ತಿ ಅಚ್ಚು ತೆಗೆಯುತ್ತಾರೆ. ಅಚ್ಚಿನೊಳಗೆ ಪ್ಲಾಸ್ಟರ್ ಹುಯ್ದರೆ ಸ್ಟಂಪಿನ ಪ್ರತಿಮೆ ಸಿಗುತ್ತದೆ. ಭಾರ ಹೊರಬಲ್ಲ ಜಾಗಗಳಲ್ಲಿ, ಮುಖ್ಯವಾಗಿ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನ ಹತ್ತಿರ, ಪ್ರತಿಮೆಯನ್ನು ಕೆರೆದು ತಗ್ಗು ಮಾಡುತ್ತಾರೆ. ಭಾರ ತಾಳದ ಜಾಗಗಳಲ್ಲಿ, ಅಂದರೆ ಹೊರಬದಿಯ ಸಣ್ಣ ಎಲುಬಿನ ತಲೆ ಮತ್ತು ಮುಂಗಾಲೆಲುಬಿನ ತುದಿಯಲ್ಲಿ, ಪ್ಲಾಸ್ಟರ್ ಮೆತ್ತಿ ಉಬ್ಬಿಸುತ್ತಾರೆ. ಆಮೇಲೆ ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್ಕಿನ ಪೈಪನ್ನು ಓವನ್ನಿನಲ್ಲಿ ಮೆತ್ತಗಾಗುವವರೆಗೆ ಕಾಯಿಸಿ ಪ್ರತಿಮೆಯ ಮೇಲೆ ಎಳೆದು ಕೂರಿಸುತ್ತಾರೆ. ತೋಟಕ್ಕೆ ನೀರು ಹಾಯಿಸುವ ಪೈಪಿನ ಜಾತಿಯೇ ಅದು, ಬಣ್ಣ ಬೇರೆ. ಆರಿದ ಮೇಲೆ ಅಂಚು ಕತ್ತರಿಸಿ, ಪಾದ ಜೋಡಿಸಿ, ಮಂಡಿಯ ಮೇಲೆ ಬಿಗಿಯುವ ಬೆಲ್ಟ್ ಹಾಕಿದರೆ ಕಾಲು ಸಿದ್ಧ. ಎಲ್ಲ ಸೇರಿ ಒಂದು ದಿನದಲ್ಲಿ ಮುಗಿಯಬಲ್ಲ ಕೆಲಸ. ಈ ವೇಗ ಜೈಪುರ ವ್ಯವಸ್ಥೆಯ ದೊಡ್ಡ ಗುಣ. ಕೆಡುವುದೂ ಈ ವೇಗದಿಂದಲೇ, ಏಕೆಂದರೆ ಪ್ರತಿಮೆಯನ್ನು ಕೆರೆಯುವ ಹಂತದಲ್ಲಿ ಆತುರ ಮಾಡಿದರೆ ಅದನ್ನು ಆಮೇಲೆ ಯಾವ ಪಾದವೂ ತಿದ್ದಲಾರದು.

ಹೊಸ ಕಾಲು ಹಾಕಿಕೊಂಡು ಹತ್ತು ಹದಿನೈದು ನಿಮಿಷ ನಡೆದು, ಬಿಚ್ಚಿ, ಸ್ಟಂಪಿನ ಚರ್ಮ ನೋಡಬೇಕು. ಮಂಡಿಚಿಪ್ಪಿನ ಕೆಳಗೆ ಕೆಂಪಾಗಿದ್ದು ಹತ್ತು ನಿಮಿಷದಲ್ಲಿ ಮಾಯವಾದರೆ ಒಳ್ಳೆಯ ಲಕ್ಷಣ, ಭಾರ ಬೀಳಬೇಕಾದಲ್ಲೇ ಬಿದ್ದಿದೆ. ಹೊರಬದಿಯ ಎಲುಬಿನ ತಲೆಯಲ್ಲೋ ಸ್ಟಂಪಿನ ತುದಿಯಲ್ಲೋ ಕೆಂಪು ಕಂಡು, ಅರ್ಧ ಗಂಟೆಯಾದರೂ ಆರದಿದ್ದರೆ ಆ ಸಾಕೆಟ್ ಹಾಕಿಕೊಂಡು ಮನೆಗೆ ಹೋಗಬಾರದು. ಆಮೇಲೆ ಎತ್ತರ: ಎರಡೂ ಕಾಲಿನ ಮೇಲೆ ಸಮನಾಗಿ ನಿಂತಾಗ, ಹಿಂದಿನಿಂದ ಒಬ್ಬರು ಸೊಂಟದ ಎಲುಬಿನ ಮೇಲೆ ಎರಡೂ ಕೈ ಇಟ್ಟು ನೋಡಲಿ. ಕೃತಕ ಕಾಲು ಒಂದು ಸೆಂಟಿಮೀಟರಿಗಿಂತ ಹೆಚ್ಚು ಗಿಡ್ಡವಿದ್ದರೆ ಕುಂಟು ಬರುತ್ತದೆ, ವರ್ಷ ಕಳೆದರೆ ಬೆನ್ನುನೋವು. ಉದ್ದವಿದ್ದರೆ ಹೆಜ್ಜೆ ಎತ್ತುವಾಗ ಬೆರಳು ನೆಲಕ್ಕೆ ಎಡವುತ್ತದೆ. ಸಕ್ಕರೆ ಕಾಯಿಲೆಯವರಿಗೆ ಒತ್ತಿದ್ದು ಗೊತ್ತಾಗುವುದೇ ಇಲ್ಲ. ಅವರು ನೋವನ್ನು ನಂಬದೆ ದಿನಾ ರಾತ್ರಿ ಕೈಗನ್ನಡಿ ಹಿಡಿದು ಸ್ಟಂಪನ್ನೂ ಉಳಿದ ಪಾದವನ್ನೂ ನೋಡಿಕೊಳ್ಳಬೇಕು.

ಸ್ಟಂಪ್ ಬಡವಾಗುತ್ತಾ ಹೋಗುತ್ತದೆ. ಶಸ್ತ್ರಚಿಕಿತ್ಸೆಯ ಊತ ಇಳಿಯುತ್ತದೆ, ಬಳಸದ ಮಾಂಸಖಂಡ ಕರಗುತ್ತದೆ. ಮೊದಲ ಸಾಕೆಟ್ ಆರು ತಿಂಗಳಲ್ಲೇ ಸಡಿಲವಾಗುವುದು ಸಾಮಾನ್ಯ. ಸಡಿಲವಾದರೆ ಸ್ಟಂಪ್ ಒಳಗೆ ಮೇಲೆ ಕೆಳಗೆ ಜಾರಿ ಚರ್ಮ ಕಿತ್ತುಬರುತ್ತದೆ. ಹತ್ತಿಯ ಸ್ಟಂಪ್ ಸಾಕ್ಸ್ ಒಂದೊಂದೇ ಪದರ ಹೆಚ್ಚಿಸುವುದು ಇದಕ್ಕೆ ಮದ್ದು. ಬೆಳಿಗ್ಗೆ ಒಂದು ಸಾಕ್ಸ್, ಮಧ್ಯಾಹ್ನಕ್ಕೆ ಎರಡು ಬೇಕಾಗಬಹುದು, ಅದು ಸಹಜ. ಐದಾರು ಸಾಕ್ಸ್ ತುರುಕಿದರೂ ಅಲ್ಲಾಡುತ್ತಿದ್ದರೆ ಹೊಸ ಸಾಕೆಟ್ ಬೇಕು, ಪಾದ ಹಳೆಯದೇ ಇರಲಿ. ಒದ್ದೆ ಸಾಕ್ಸ್ ಹಾಕಿಕೊಂಡು ದಿನ ಕಳೆಯಬೇಡಿ. ಪೈಪಿನ ಸಾಕೆಟ್ಟಿಗೆ ಗಾಳಿಯಾಡದು, ಬೇಸಿಗೆಯಲ್ಲಿ ಬೆವರು ಅಲ್ಲೇ ನಿಲ್ಲುತ್ತದೆ, ಹುಣ್ಣು ಅಲ್ಲಿಂದಲೇ ಹುಟ್ಟುತ್ತದೆ. ಚೀಲದಲ್ಲಿ ಎರಡು ಜೊತೆ ಒಣ ಸಾಕ್ಸ್ ಇರಬೇಕು.

ಕಾಲು ಸಿಗುವ ಮುಂಚಿನ ವಾರಗಳನ್ನು ಬಹಳ ಮಂದಿ ಸುಮ್ಮನೆ ಕಳೆದುಬಿಡುತ್ತಾರೆ. ಹೊಲಿಗೆ ಆರಿದ ಮೇಲೆ ಕ್ರೇಪ್ ಬ್ಯಾಂಡೇಜನ್ನು ಇಂಗ್ಲಿಷಿನ 8ರ ಆಕಾರದಲ್ಲಿ, ತುದಿಯಲ್ಲಿ ಬಿಗಿ, ಮೇಲೆ ಹೋದಂತೆ ಸಡಿಲವಾಗಿ ಸುತ್ತಿದರೆ ಸ್ಟಂಪ್ ಮೊನಚಾಗಿ ಒಳ್ಳೆಯ ಆಕಾರಕ್ಕೆ ಬರುತ್ತದೆ. ಉಂಗುರದಂತೆ ಸುತ್ತಿದರೆ ರಕ್ತ ಕಟ್ಟಿ ತುದಿ ಬಲ್ಬಿನಂತೆ ಊದುತ್ತದೆ, ಅದಕ್ಕೆ ಸಾಕೆಟ್ ಕೂರುವುದಿಲ್ಲ. ಮಂಡಿಯಡಿ ದಿಂಬು ಇಟ್ಟುಕೊಂಡು ಮಲಗುವುದು ಹಿತವಾಗಿರುತ್ತದೆ, ಆದರೆ ಕೆಲವೇ ವಾರಗಳಲ್ಲಿ ಮಂಡಿ ಮಡಚಿದಂತೆಯೇ ಬಿಗಿದುಕೊಳ್ಳುತ್ತದೆ. ದಿನಕ್ಕೆ ಎರಡು ಮೂರು ಸಲ ಇಪ್ಪತ್ತು ನಿಮಿಷ ಬೋರಲು ಮಲಗಿದರೆ ಸೊಂಟ ನೇರವಾಗಿ ಉಳಿಯುತ್ತದೆ. ಬಿಗಿದ ಮಂಡಿಗೆ ಎಷ್ಟು ಲಕ್ಷದ ಕಾಲು ತಂದರೂ ಅಷ್ಟೇ.

ಇನ್ನು ಶಿಬಿರಗಳು. ಡಿ.ಆರ್. ಮೆಹ್ತಾ ಅವರು 1975ರಲ್ಲಿ ಕಟ್ಟಿದ ಮಹಾವೀರ ಸಮಿತಿಯ ಜೈಪುರದ ಕೇಂದ್ರದಲ್ಲಿ ಕಾಲಿಗೆ ಹಣವಿಲ್ಲ, ರೋಗಿ ಉಳಿದುಕೊಳ್ಳುವ ವ್ಯವಸ್ಥೆಯೂ ಉಂಟು. ನಮ್ಮ ಜಿಲ್ಲೆ ತಾಲ್ಲೂಕುಗಳಲ್ಲಿ ನಡೆಯುವ ಶಿಬಿರ ಹಾಗಲ್ಲ. ಬೆಳಿಗ್ಗೆ ಅಳತೆ, ಸಂಜೆಯೋ ಕೆಲವು ದಿನ ಬಿಟ್ಟೋ ಕಾಲು, ಒಂದು ಫೋಟೋ, ಮುಗಿಯಿತು. ನಡಿಗೆ ಕಲಿಸುವವರಿಲ್ಲ, ಆರು ತಿಂಗಳ ನಂತರ ಸಡಿಲವಾದಾಗ ಕೇಳುವವರಿಲ್ಲ. ಉಚಿತ ಕಾಲುಗಳು ಅಟ್ಟ ಸೇರುವುದರಲ್ಲಿ ಪಾದದ ತಪ್ಪಿಗಿಂತ ಈ ವ್ಯವಸ್ಥೆಯ ತಪ್ಪೇ ಹೆಚ್ಚು. ಶಿಬಿರಕ್ಕೆ ಹೋಗುವ ಮೊದಲು ಒಂದೇ ಪ್ರಶ್ನೆ ಕೇಳಿ: ರಿಪೇರಿ ಎಲ್ಲಿ? ಉತ್ತರ ಸಿಗದಿದ್ದರೆ ವರ್ಷವಿಡೀ ತೆರೆದಿರುವ ಕೇಂದ್ರಕ್ಕೆ ಹೋಗುವುದೇ ಮೇಲು. ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಕೃತಕ ಅಂಗದ ತಂತ್ರಜ್ಞರಿಗೇ ತರಬೇತಿ ಕೊಡುವ ಸಂಸ್ಥೆ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಎಡಿಪ್ ಯೋಜನೆಯಲ್ಲೂ ಕಾಲು ಸಿಗುತ್ತದೆ, ಆದಾಯ ಮಿತಿ ಇದೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಕೈಯಲ್ಲಿದ್ದರೆ ಓಡಾಟ ಕಡಿಮೆ. ಅದೇ ಉದ್ದೇಶಕ್ಕೆ ಮತ್ತೆ ನೆರವು ಪಡೆಯಲು ದೊಡ್ಡವರು 3 ವರ್ಷ ಕಾಯಬೇಕು. ಆದ್ದರಿಂದ ಸ್ಟಂಪ್ ಇನ್ನೂ ಊದಿಕೊಂಡಿರುವಾಗ ಆತುರದಿಂದ ಆ ಸರದಿಯನ್ನು ಖರ್ಚು ಮಾಡಿಕೊಳ್ಳಬಾರದು.

ಆಟದ ಮಾತು. ಜೈಪುರ ಕಾಲು ಧರಿಸಿ ದೇಹವನ್ನು ಕಠಿಣವಾಗಿ ದುಡಿಸಿದವರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಸುಧಾ ಚಂದ್ರನ್. 1981ರ ಅಪಘಾತದಲ್ಲಿ ಕಾಲು ಕಳೆದುಕೊಂಡು, ಈ ಕಾಲಿನಲ್ಲೇ ಭರತನಾಟ್ಯದ ವೇದಿಕೆಗೆ ಮರಳಿದರು. ಅದು ಬರೀ ಛಲದ ಕಥೆಯಲ್ಲ, ಪಾದದ ರಚನೆಯೂ ಅದರಲ್ಲಿದೆ. ಅರಮಂಡಿಯಲ್ಲಿ ಮಂಡಿ ಮಡಚಿ ಇಡೀ ಅಂಗಾಲು ನೆಲಕ್ಕೆ ತಟ್ಟಬೇಕು. ಗಿಣ್ಣಿನಲ್ಲಿ ಬಾಗದ ಸ್ಯಾಚ್ ಪಾದದಲ್ಲಿ ಆ ಭಂಗಿಗೆ ಇಳಿದರೆ ಹಿಮ್ಮಡಿ ನೆಲ ಬಿಡುತ್ತದೆ. ಬರಿಗಾಲು, ಬಾಗುವ ಗಿಣ್ಣು, ಅಗಲ ಅಂಗಾಲು: ನೃತ್ಯ ಕೇಳಿದ ಮೂರೂ ಇದರಲ್ಲಿದ್ದವು.

ಓಟ ಕೇಳುವುದು ಬೇರೆಯದನ್ನು. ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಆ ಭಾರವನ್ನು ಸ್ಪಂಜು ರಬ್ಬರು ನುಂಗಿಕೊಳ್ಳುತ್ತದೆ, ಹಿಂದಕ್ಕೆ ಕೊಡುವುದಿಲ್ಲ. ಮುಕ್ಕಾಲು ಕಿಲೋ ಪಾದವನ್ನು ಬೀಸಿ ಬೀಸಿ ಎಸೆಯುವಷ್ಟರಲ್ಲಿ ತೊಡೆ ಸೋಲುತ್ತದೆ. ಬೆಲ್ಟಿನ ಮೇಲೆ ನಿಂತ ಸಾಕೆಟ್ ಜಗ್ಗಿ ಚರ್ಮ ಸುಲಿಯುತ್ತದೆ. ಪೈಪು ಗಿಣ್ಣಿನ ಜೋಡಣೆಯಲ್ಲಿ ಬಿರಿಯುವುದೂ ಇದೆ. ಬಸ್ಸು ಹಿಡಿಯಲು ನಾಲ್ಕು ಹೆಜ್ಜೆ ಓಡಬಹುದು. ದಿನಾ ತರಬೇತಿ ಮಾಡಲಾಗದು.

ಅಮೆರಿಕದ ವ್ಯಾನ್ ಫಿಲಿಪ್ಸ್ ಇದಕ್ಕೆ ಉತ್ತರ ಹುಡುಕಿದವರು. 1976ರಲ್ಲಿ ವಾಟರ್ ಸ್ಕೀಯಿಂಗ್ ಅಪಘಾತದಲ್ಲಿ ತಮ್ಮ ಕಾಲನ್ನೇ ಕಳೆದುಕೊಂಡವರು. ಕಾರ್ಬನ್ ಫೈಬರಿನ ಬಾಗಿದ ಪಟ್ಟಿ ತುಳಿದಾಗ ಕುಗ್ಗಿ, ಕಾಲೆತ್ತುವಾಗ ನೆಗೆದು ಶಕ್ತಿ ಹಿಂತಿರುಗಿಸುತ್ತದೆ. ಅವರ ಕಂಪನಿಯನ್ನು 2000ದಲ್ಲಿ ಐಸ್‌ಲ್ಯಾಂಡಿನ ಆಸುರ್ ಕೊಂಡಿತು, ಚೀತಾ ಬ್ಲೇಡು ಅದರದ್ದೇ. ಬೆಂಗಳೂರಿನ 10ಕೆ, ಅಂದರೆ ಹತ್ತು ಕಿಲೋಮೀಟರ್ ಓಟದಲ್ಲಿ ಎರಡೂ ಕಾಲು ಕಳೆದುಕೊಂಡ ಶಾಲಿನಿ ಸರಸ್ವತಿ ಓಡಿದ್ದೂ ಕಾರ್ಬನ್ ಬ್ಲೇಡುಗಳ ಮೇಲೆಯೇ. ಆದರೆ ಬ್ಲೇಡಿಗೆ ಹಿಮ್ಮಡಿ ಇಲ್ಲ. ಎರಡೂ ಕಾಲಿಗೆ ಹಾಕಿದವರು ನಿಂತಲ್ಲಿ ಸುಮ್ಮನೆ ನಿಲ್ಲಲಾರರು. ಮೆಟ್ಟಿಲಿಗೆ, ಸ್ಕೂಟರಿಗೆ, ಅಡುಗೆಮನೆಗೆ ಅದು ನಿರುಪಯೋಗಿ, ಅಂದರೆ ಅದನ್ನು ಕೊಂಡವರಿಗೆ ದಿನದ ಬಳಕೆಗೆ ಇನ್ನೊಂದು ಕಾಲು ಬೇಕೇ ಬೇಕು. ತೂಕಕ್ಕೆ ತಕ್ಕ ಬಿಗಿಯ ಪಟ್ಟಿ ಆರಿಸಬೇಕಾದ್ದರಿಂದ ಬೇರೆಯವರು ಬಳಸಿದ ಬ್ಲೇಡನ್ನು ಅಗ್ಗಕ್ಕೆ ಕೊಳ್ಳುವುದು ಅಪಾಯ. 80 ಕಿಲೋದವರ ಬ್ಲೇಡು 55 ಕಿಲೋದವರ ಕೆಳಗೆ ಕುಗ್ಗುವುದೇ ಇಲ್ಲ, ತಿರುಗುಮುರುಗಾದರೆ ಮುರಿಯಲೂಬಹುದು. ಖರ್ಚು ಲಕ್ಷಗಳಲ್ಲಿ. ಸಾಕೆಟ್ಟಿನೊಳಗೆ ಸ್ಟಂಪಿಗೆ ತೊಡುವ ಸಿಲಿಕೋನ್ ಲೈನರಿಗೇ ಹತ್ತಾರು ಸಾವಿರ, ಅದು ಸವೆಯುವ ವಸ್ತು ಬೇರೆ.

ಎಲ್ಲ ಆಟಕ್ಕೂ ಬ್ಲೇಡು ಬೇಕೆಂಬುದೂ ಸುಳ್ಳು. ಹರಿಯಾಣದ ಸುಮಿತ್ ಅಂತಿಲ್ ಎಡಗಾಲನ್ನು ಮಂಡಿಯ ಕೆಳಗೆ ಕಳೆದುಕೊಂಡು ಎಫ್64 ವರ್ಗದ ಜಾವೆಲಿನ್‌ನಲ್ಲಿ ಟೋಕಿಯೋದಲ್ಲಿ 68.55 ಮೀಟರ್, 2024ರ ಪ್ಯಾರಿಸ್‌ನಲ್ಲಿ 70.59 ಮೀಟರ್ ಎಸೆದು ಎರಡು ಚಿನ್ನ ತಂದರು. ಬಲಗೈಯಲ್ಲಿ ಎಸೆಯುವವರು ಕೊನೆಯ ಹೆಜ್ಜೆಯಲ್ಲಿ ಎಡಗಾಲನ್ನು ನೆಟ್ಟು ದೇಹದ ವೇಗವನ್ನೆಲ್ಲ ಅದರ ಮೇಲೆ ತಡೆಯುತ್ತಾರೆ. ಅಲ್ಲಿ ಬೇಕಾದದ್ದು ನೆಗೆತವಲ್ಲ, ಕುಸಿಯದ ಪಾದ ಮತ್ತು ಜಾರದ ಸಾಕೆಟ್. ಬ್ಯಾಡ್ಮಿಂಟನ್ನಿಗೆ ಎಲ್ಲ ದಿಕ್ಕಿಗೂ ತಿರುಗುವ ಕಾಲು ಬೇಕು. ಕಾಲಿನ ತೊಂದರೆ ಹೆಚ್ಚಿರುವವರು ನಿಂತು ಆಡುವ ಎಸ್‌ಎಲ್3 ವರ್ಗದ ಸಿಂಗಲ್ಸ್ ಅರ್ಧ ಅಂಕಣದಲ್ಲೇ ನಡೆಯುವುದರಿಂದ ಓಟ ಕಡಿಮೆ. ಪ್ಯಾರಾ ಈಜಿನಲ್ಲಿ ಕೃತಕ ಕಾಲಿಗೆ ಅವಕಾಶವೇ ಇಲ್ಲ. ಕುಳಿತು ಎಸೆಯುವ ವರ್ಗಗಳಲ್ಲಿ 75 ಸೆಂಟಿಮೀಟರ್ ಮೀರದ ಪೀಠ ಸಾಕು. ಪವರ್‌ಲಿಫ್ಟಿಂಗ್, ಸಿಟ್ಟಿಂಗ್ ವಾಲಿಬಾಲ್, ವ್ಹೀಲ್‌ಚೇರ್ ಬ್ಯಾಸ್ಕೆಟ್‌ಬಾಲ್ ಇವೂ ಹಾಗೆಯೇ. ಕರ್ನಾಟಕದ ಮಾಲತಿ ಹೊಳ್ಳ ಪದ್ಮಶ್ರೀವರೆಗೆ ಹೋದದ್ದು ಗಾಲಿಕುರ್ಚಿಯಲ್ಲಿ. ಈಗಷ್ಟೇ ಆಟಕ್ಕೆ ಬರುವವರು ಜೈಪುರ ಕಾಲಿನಲ್ಲಿ ಮೈದಾನಕ್ಕೆ ನಡೆದು ಹೋಗಿ, ಬಿಚ್ಚಿಟ್ಟು, ಇಂಥ ಆಟದಿಂದ ಶುರುಮಾಡಿದರೆ ಕೈಯಿಂದ ಹೆಚ್ಚು ಖರ್ಚಿಲ್ಲ.

ಓಟವೇ ಬೇಕೆನ್ನುವವರಿಗೆ ನಮ್ಮ ಸಲಹೆ: ಮೊದಲು ಜೈಪುರ ಕಾಲಿನಲ್ಲಿ ನಡಿಗೆ ಪಕ್ಕಾ ಆಗಲಿ. ಕೋಲಿಲ್ಲದೆ ಅರ್ಧ ಗಂಟೆ ಸತತ ನಡೆದು ಬಿಚ್ಚಿದಾಗ ಸ್ಟಂಪಿನಲ್ಲಿ ನಿಲ್ಲುವ ಕೆಂಪಿರಬಾರದು. ಕೃತಕ ಕಾಲೊಂದರ ಮೇಲೆ ಹತ್ತು ಸೆಕೆಂಡ್ ಅಲ್ಲಾಡದೆ ನಿಲ್ಲಬೇಕು. ಸ್ಟಂಪಿನ ಸುತ್ತಳತೆ ತಿಂಗಳಿಗೊಮ್ಮೆ ಟೇಪು ಹಿಡಿದು ಬರೆದಿಟ್ಟು, ಎರಡು ಮೂರು ತಿಂಗಳು ಬದಲಾಗದೆ ನಿಂತ ಮೇಲೆ ಓಟದ ಸಾಕೆಟ್ಟಿಗೆ ಅಚ್ಚು ಕೊಡಿ. ಅದಕ್ಕೂ ಮುಂಚೆ ಕೊಟ್ಟರೆ ಲಕ್ಷದ ಸಾಕೆಟ್ ಮೂರೇ ತಿಂಗಳಲ್ಲಿ ಸಡಿಲ. ಹಣ ಹೊಂದಿಸುವಾಗ ಬ್ಲೇಡಿನ ಜೊತೆ ಎರಡು ಲೈನರ್, ಒಂದು ಬದಲಿ ಸಾಕೆಟ್, ಅಡಿಯ ಸವೆದ ರಬ್ಬರು ಅಂಟಿಸುವ ಖರ್ಚನ್ನೂ ಸೇರಿಸಿ ಪ್ರಾಯೋಜಕರಿಗೆ ಕೇಳಿ. ಬ್ಲೇಡು ಕೊಟ್ಟು ಫೋಟೋ ತೆಗೆಸಿಕೊಂಡವರು ಲೈನರಿಗೆ ಎರಡನೇ ಸಲ ಬರುವುದು ಅಪರೂಪ.